ಕೆರೆಗೆ ಹಾರಿದವನು ಲೆಕ್ಕ ಹಾಕಿದ್ದನೇ?

ಪ್ರಶ್ನೆ: ನನ್ನ ಮಗಳು ಎರಡನೇ ಪಿಯುಸಿ. ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ನಡೆಯುತ್ತಿದೆ. ಊಟಕ್ಕೆ ಕೂತಾಗ ಕೇಳಿದಳು: "ಅಮ್ಮ, ಬಲ ಇದ್ದದ್ದೇ ಉಳಿಯೋದು ಅಂತಾದ್ರೆ, ಮುಳುಗ್ತಿರೋ ಯಾರನ್ನೋ ಉಳಿಸೋಕೆ ಕೆರೆಗೆ ಹಾರೋರು ಇನ್ನೂ ಯಾಕಿದ್ದಾರೆ? ಅಂಥವರ ವಂಶ ಯಾವತ್ತೋ ಅಳಿದುಹೋಗ್ಬೇಕಿತ್ತಲ್ವಾ?" ಪರೋಪಕಾರ ಅಂದರೆ ಜೀನ್‌ಗಳ ಸ್ವಾರ್ಥ ಅಷ್ಟೇ ಅಂತ ಎಲ್ಲೋ ಓದಿದ್ದಾಳೆ. ಹಾಗಾದರೆ ನಾವು ಚಿಕ್ಕಂದಿನಿಂದ ಕಲಿಸಿದ ಒಳ್ಳೆಯತನ ಬರೀ ತೋರಿಕೆಯೇ? ನೀತಿ ಎಲ್ಲಿಂದ ಬಂತು, ಧರ್ಮದಿಂದಲೋ ಕೋತಿಯಿಂದಲೋ?
ಒಬ್ಬ ತಾಯಿ, ಹಾಸನ

ಉತ್ತರ: ನಿಮ್ಮ ಮಗಳಿಗೆ ಮೊದಲು ಒಂದು ಮಾತು ಹೇಳಿ. ಅವಳು ಕೇಳಿದ್ದನ್ನೇ, ಹೆಚ್ಚುಕಡಿಮೆ ಅದೇ ತರ್ಕದಲ್ಲಿ, ಚಾರ್ಲ್ಸ್ ಡಾರ್ವಿನ್ 1871ರಲ್ಲಿ ಕೇಳಿಕೊಂಡಿದ್ದರು. ಜೊತೆಗಾರರಿಗೆ ದ್ರೋಹ ಮಾಡುವುದಕ್ಕಿಂತ ಪ್ರಾಣ ಕೊಡುವುದೇ ಮೇಲು ಅನ್ನುವವನು ಎಷ್ಟೋ ಸಲ ಮಕ್ಕಳಿಲ್ಲದೆ ಸಾಯುತ್ತಾನೆ. ಅವನ ಒಳ್ಳೆಯ ಗುಣ ಮುಂದಿನವರಿಗೆ ದಾಟುವುದು ಹೇಗೆ ಅಂತ. ಅದಕ್ಕೂ ಮೊದಲು, 1859ರಲ್ಲಿ, ಇದೇ ತೊಡಕು ಇನ್ನೊಂದು ರೂಪದಲ್ಲಿ ಅವರನ್ನು ಕಾಡಿತ್ತು. ಇರುವೆಗೂಡಿನ ಬಂಜೆ ಕೆಲಸಗಾರ್ತಿಯರು ಮರಿ ಮಾಡುವುದಿಲ್ಲ, ಆದರೂ ಪ್ರತಿ ತಲೆಮಾರಿನಲ್ಲೂ ಹುಟ್ಟುತ್ತಲೇ ಇರುತ್ತಾರೆ. ಇದು ತಮ್ಮ ಇಡೀ ಸಿದ್ಧಾಂತವನ್ನೇ ಉರುಳಿಸಬಹುದು ಅಂತ ಮೊದಲಿಗೆ ಅನ್ನಿಸಿತ್ತು ಎಂದು ಡಾರ್ವಿನ್ ತಾವೇ ಬರೆದಿದ್ದಾರೆ. ಪಿಯುಸಿ ಹುಡುಗಿ ತಾನಾಗಿ ಅದೇ ಜಾಗಕ್ಕೆ ಬಂದು ನಿಂತಿದ್ದಾಳೆ ಅಂದರೆ ಪಾಠ ಚೆನ್ನಾಗಿಯೇ ತಲೆಗೆ ಹೋಗಿದೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಗಂಟುಗಳಿವೆ. ಪರೋಪಕಾರದ ಗುಣ ಇಷ್ಟು ತಲೆಮಾರು ಹೇಗೆ ಉಳಿದು ಬಂತು ಅನ್ನುವುದು ಒಂದು. ಕೆರೆಗೆ ಹಾರಿದವನ ಮನಸ್ಸಿನಲ್ಲಿ ಆ ಹೊತ್ತು ಏನಿತ್ತು ಅನ್ನುವುದು ಇನ್ನೊಂದು. ಎರಡನ್ನೂ ಕಲಸಿಬಿಟ್ಟರೆ 'ಒಳ್ಳೆಯತನ ಅಂದ್ರೆ ವೇಷ ಹಾಕಿದ ಸ್ವಾರ್ಥ' ಅನ್ನುವ ತೀರ್ಮಾನಕ್ಕೆ ಬರುತ್ತೇವೆ. ಆ ತೀರ್ಮಾನ ತಪ್ಪು. ಯಾಕೆ ತಪ್ಪು ಅನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು. ಈ ಕಥೆಯ ಎರಡು ಮುಖ್ಯ ಕೆಲಸಗಳು ನಮ್ಮ ಧಾರವಾಡದಲ್ಲಿ ಮತ್ತು ಬೆಂಗಳೂರಿನಲ್ಲಿ ನಡೆದಿವೆ, ಅವನ್ನು ಬಿಟ್ಟು ಹೇಳಲು ನನಗೆ ಮನಸ್ಸಿಲ್ಲ.

ಮೊದಲು 'ಬಲ ಇದ್ದದ್ದೇ ಉಳಿಯುತ್ತದೆ' ಅನ್ನುವುದನ್ನು ಸರಿಮಾಡೋಣ. ಇದರ ಮೂಲವಾದ 'ಸರ್ವೈವಲ್ ಆಫ್ ದ ಫಿಟೆಸ್ಟ್' ಅನ್ನುವುದು ಇಂಗ್ಲೆಂಡಿನ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1864ರಲ್ಲಿ ಬಳಸಿದ ಮಾತು. ಡಾರ್ವಿನ್ ಅದನ್ನು ಆಮೇಲೆ ತೆಗೆದುಕೊಂಡರು. ಅಲ್ಲಿ ತೋಳ್ಬಲದ ಮಾತೇ ಇಲ್ಲ. ಯಾವ ಗುಣದ ಪ್ರತಿಗಳು ಮುಂದಿನ ತಲೆಮಾರಿಗೆ ಜಾಸ್ತಿ ದಾಟುತ್ತವೋ ಆ ಗುಣ ಉಳಿಯುತ್ತದೆ, ಅಷ್ಟೇ. ಗುದ್ದಾಡಿ ದಾಟಬಹುದು. ಅಡಗಿಕೊಂಡು ದಾಟಬಹುದು. ಒಬ್ಬರಿಗೊಬ್ಬರು ಆಸರೆಯಾಗಿಯೂ ದಾಟಬಹುದು.

ಇನ್ನೊಂದು ತಪ್ಪು ಕಲ್ಪನೆ ಇದಕ್ಕೆ ಪೂರ್ತಿ ಉಲ್ಟಾ. ಪ್ರಾಣಿಗಳು ತಮ್ಮ ಪ್ರಭೇದದ ಒಳಿತಿಗಾಗಿ ತ್ಯಾಗ ಮಾಡುತ್ತವೆ ಅಂತ 1960ರ ದಶಕದವರೆಗೂ ಎಷ್ಟೋ ಜೀವವಿಜ್ಞಾನಿಗಳು ನಂಬಿದ್ದರು. ಕೇಳಲು ಚೆನ್ನಾಗಿದೆ. ಆದರೆ 1960ರ ದಶಕದ ಮೊದಲ ವರ್ಷಗಳಲ್ಲಿ ಧಾರವಾಡದ ಸುತ್ತಲಿನ ಕಾಡಿನಲ್ಲಿ ಯುಕಿಮಾರು ಸುಗಿಯಾಮಾ ಎಂಬ ಜಪಾನಿ ವಿಜ್ಞಾನಿ ಮುಸುವಗಳನ್ನು ದಿನಗಟ್ಟಲೆ ಹಿಂಬಾಲಿಸಿ ನೋಡಿದ್ದು ಬೇರೆಯೇ ಇತ್ತು. ಮುಸುವಗಳ ಗುಂಪಿನಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ಗಂಡು, ಹಲವು ಹೆಣ್ಣುಗಳು, ಮರಿಗಳು. ಹೊರಗಿನಿಂದ ಬಂದ ಗಂಡುಗಳು ಹಳೆಯ ಯಜಮಾನನನ್ನು ಓಡಿಸಿದವು. ಕೊನೆಗೆ ಉಳಿದ ಹೊಸ ಗಂಡು ಹಾಲು ಕುಡಿಯುವ ಮರಿಗಳನ್ನು ಕಚ್ಚಿ ಕೊಂದಿತು. ಮರಿ ಕಳೆದುಕೊಂಡ ತಾಯಂದಿರು ಬೇಗನೆ ಮತ್ತೆ ಬೆದೆಗೆ ಬಂದವು.

ಇದರಿಂದ ಪ್ರಭೇದಕ್ಕೆ ಯಾವ ಒಳಿತೂ ಇಲ್ಲ. ಒಳಿತಾದದ್ದು ಆ ಒಂದು ಗಂಡಿನ ವಂಶಕ್ಕೆ ಮಾತ್ರ. ಗುಂಪು ದಟ್ಟವಾಗಿ ತಲೆಕೆಟ್ಟು ಹೀಗಾಗಿರಬೇಕು ಅಂತ ಆಗ ಕೆಲವರು ಅಂದುಕೊಂಡರು. ಅದನ್ನೇ ಪರೀಕ್ಷಿಸಲು 1970ರ ದಶಕದಲ್ಲಿ ಅಮೆರಿಕದ ಸಾರಾ ಹರ್ಡಿ ರಾಜಸ್ಥಾನದ ಅಬು ಬೆಟ್ಟಕ್ಕೆ ಬಂದರು. ಅಲ್ಲಿಯೂ ಇದೇ ಆಟ. ಆದರೆ ಅವರು ಇನ್ನೊಂದನ್ನೂ ಕಂಡರು. ಮರಿಯ ಮೇಲೆ ಗಂಡು ಎರಗಿದಾಗ, ತನ್ನದಲ್ಲದ ಮರಿಗಾಗಿ, ಹೆರುವ ವಯಸ್ಸು ದಾಟಿದ ಮುದಿ ಹೆಣ್ಣು ಗಂಡಿನ ಮೇಲೆ ಬಿದ್ದು ಮರಿಯನ್ನು ಕಿತ್ತುಕೊಂಡು ಬಂತು. ಗಂಡಿನ ಕೋರೆಹಲ್ಲು ಎಂಥದ್ದು ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಒಂದೇ ಪ್ರಾಣಿಯಲ್ಲಿ, ಒಂದೇ ಗಳಿಗೆಯಲ್ಲಿ, ಶಿಶುಹತ್ಯೆಯೂ ಇದೆ, ಪ್ರಾಣ ಪಣಕ್ಕಿಡುವ ಕಾಪಾಡುವಿಕೆಯೂ ಇದೆ. ನಿಸರ್ಗ ಪೂರ್ತಿ ಕ್ರೂರ ಅನ್ನುವವರೂ, ಪೂರ್ತಿ ಸೌಹಾರ್ದ ಅನ್ನುವವರೂ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಆ ಮುದಿ ಹೆಣ್ಣಿಗೆ ಏನು ಸಿಕ್ಕಿತು? ಮುಸುವಗಳಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ. ಹಾಗಾಗಿ ಆ ಮರಿ ಅದರ ಮೊಮ್ಮಗುವೋ ತಂಗಿಯ ಮಗುವೋ ಆಗಿರುವ ಸಾಧ್ಯತೆ ಜಾಸ್ತಿ. ಇಲ್ಲಿಗೆ ಬಂದಾಗ 1964ರಲ್ಲಿ ಬಿಲ್ ಹ್ಯಾಮಿಲ್ಟನ್ ಎಂಬ ಇಂಗ್ಲೆಂಡಿನ ಯುವಕ ಕೊಟ್ಟ ಲೆಕ್ಕ ಬೇಕಾಗುತ್ತದೆ. ನನ್ನ ಜೀನ್‌ಗಳ ಪ್ರತಿಗಳು ನನ್ನಲ್ಲಿ ಮಾತ್ರ ಇಲ್ಲ. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಲ್ಲಿ ಎಂಟನೇ ಒಂದು ಭಾಗ ಇವೆ. ಸಹಾಯ ಪಡೆದವರಿಗೆ ಆದ ಲಾಭವನ್ನು ಈ ಪಾಲಿನಿಂದ ಗುಣಿಸಿ. ಅದು ಸಹಾಯ ಮಾಡಿದವರ ನಷ್ಟಕ್ಕಿಂತ ಜಾಸ್ತಿಯಾದರೆ, ಸಹಾಯ ಮಾಡಿಸುವ ಗುಣ ಹರಡುತ್ತದೆ. ಇಡೀ ಸೂತ್ರ ಇಷ್ಟೇ, ನಿಮ್ಮ ಮಗಳು ಒಂದೇ ಸಾಲಿನಲ್ಲಿ ಬರೆಯಬಹುದು.

ಈ ಯೋಚನೆಯ ಎಳೆ ಅದಕ್ಕೂ ಮೊದಲು ಬ್ರಿಟಿಷ್ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರಿಗೆ ಹೊಳೆದಿತ್ತು. ಇಬ್ಬರು ಅಣ್ಣತಮ್ಮಂದಿರಿಗೋ ಎಂಟು ಜನ ದಾಯಾದಿಗಳಿಗೋ ಆದರೆ ಪ್ರಾಣ ಕೊಡುತ್ತೇನೆ ಅಂತ ಅವರು ಹೇಳಿದ್ದರು ಅನ್ನುವ ಕಥೆ ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1955ರಲ್ಲಿ ಅವರು ಬರೆದದ್ದು. ಪ್ರವಾಹದ ನದಿಯಲ್ಲಿ ಮಗುವೊಂದು ಕೊಚ್ಚಿಹೋಗುತ್ತಿದೆ, ಹಾರಿದರೆ ಹತ್ತರಲ್ಲಿ ಒಂದು ಪಾಲು ನೀವೇ ಮುಳುಗಬಹುದು. ಮಗು ನಿಮ್ಮದೇ ಆದರೆ, ದೂರದ ನೆಂಟರದಾದರೆ, ಹಾರಿಸುವ ಜೀನ್ ಉಳಿಯುತ್ತದೋ ಇಲ್ಲವೋ ಅಂತ ಅವರು ಲೆಕ್ಕ ಮಾಡುತ್ತಾರೆ. ಮಾಡಿ, ಒಂದು ಮಾತು ಸೇರಿಸುತ್ತಾರೆ: ನಾನು ಎರಡು ಸಲ ಮುಳುಗುತ್ತಿದ್ದವರನ್ನು ನೀರಿನಿಂದ ಎಳೆದದ್ದುಂಟು, ಆಗ ಇಂಥ ಲೆಕ್ಕ ಹಾಕಲು ಪುರುಸೊತ್ತೇ ಇರಲಿಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯೇ ಆದರು. ಹ್ಯಾಮಿಲ್ಟನ್ನರ ಪ್ರಬಂಧ ಬಂದ 1964ರಲ್ಲೇ, ಡಿಸೆಂಬರಿನಲ್ಲಿ, ಭುವನೇಶ್ವರದಲ್ಲಿ ತೀರಿಕೊಂಡರು.

ಈಗ ಬೆಂಗಳೂರಿಗೆ ಬನ್ನಿ. ಹ್ಯಾಮಿಲ್ಟನ್ನರ ಲೆಕ್ಕಕ್ಕೆ ಇರುವೆ, ಜೇನು, ಕಣಜದ ಹುಳಗಳು ಹೇಳಿ ಮಾಡಿಸಿದ ಉದಾಹರಣೆ ಅಂತ ಎಲ್ಲರೂ ಅಂದುಕೊಂಡಿದ್ದರು. ಈ ಹುಳಗಳಲ್ಲಿ ಗಂಡು ಹುಟ್ಟುವುದು ಗರ್ಭ ಕಟ್ಟದ ಮೊಟ್ಟೆಯಿಂದ. ಹಾಗಾಗಿ ಅಪ್ಪನಿಂದ ಬರುವ ಜೀನ್‌ಗಳು ಎಲ್ಲ ಹೆಣ್ಣುಮಕ್ಕಳಿಗೂ ಒಂದೇ. ಅಕ್ಕತಂಗಿಯರ ನಂಟು ಮುಕ್ಕಾಲು ಪಾಲು, ಸ್ವಂತ ಮಗಳ ಜೊತೆಗಿನ ನಂಟು ಅರ್ಧ. ಮಗಳನ್ನು ಹೆರುವುದಕ್ಕಿಂತ ತಂಗಿಯನ್ನು ಸಾಕುವುದೇ ಲಾಭ! ಇಷ್ಟು ಚೆಂದದ ಲೆಕ್ಕ ಕಂಡರೆ ವಿಜ್ಞಾನಿಗಳು ಅದನ್ನು ಅಳೆದು ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಮಾಡಿದ್ದು ಅದನ್ನೇ.

ಅವರು ಆರಿಸಿಕೊಂಡದ್ದು ರೊಪಾಲಿಡಿಯಾ ಮಾರ್ಜಿನಾಟಾ ಎಂಬ ಕಣಜ. ನಮ್ಮ ಕಿಟಕಿಯ ಮೂಲೆಯಲ್ಲಿ, ಸಜ್ಜದ ಕೆಳಗೆ ಇದರ ಗೂಡು ಸಿಗುತ್ತದೆ. ಗಿಡದ ನಾರನ್ನು ಅಗಿದು ಜೊಲ್ಲಿನಲ್ಲಿ ಕಲಸಿ ಕಾಗದದಂತೆ ಮಾಡಿ ಕಟ್ಟಿದ ಗೂಡು. ಸಣ್ಣ ತೊಟ್ಟಿನಿಂದ ಇಳಿಬಿದ್ದಿರುತ್ತದೆ. ಮೇಲೆ ಹೊದಿಕೆ ಇಲ್ಲ, ಒಳಗಿನದೆಲ್ಲ ಹೊರಗೇ ಕಾಣುತ್ತದೆ. ಒಂದು ಕಣಜ ಕಂಬಳಿಹುಳವನ್ನು ಅಗಿದು ಉಂಡೆ ಮಾಡಿ ತರುತ್ತದೆ. ಗೂಡಿನಲ್ಲಿದ್ದವು ಅದರಿಂದ ಚೂರು ಕಿತ್ತುಕೊಂಡು ಒಂದೊಂದೇ ಕೋಶಕ್ಕೆ ತಲೆ ತೂರಿಸಿ ಮರಿಹುಳಕ್ಕೆ ತಿನ್ನಿಸುತ್ತವೆ. ರಾಣಿ ಯಾರು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಗಾತ್ರ, ಬಣ್ಣ ಎಲ್ಲ ಒಂದೇ. ಹಾಗಾಗಿ ಸಂಶೋಧಕರು ಪ್ರತಿ ಕಣಜದ ಬೆನ್ನಿಗೆ ಬೇರೆ ಬೇರೆ ಬಣ್ಣದ ಚುಕ್ಕೆ ಇಟ್ಟು ಯಾರು ಏನು ಮಾಡಿದರು ಅಂತ ಗಂಟೆಗಟ್ಟಲೆ ಬರೆದುಕೊಂಡರು.

ಅಳೆದಾಗ ಆ ಮುಕ್ಕಾಲಿನ ಲೆಕ್ಕ ಉಳಿಯಲಿಲ್ಲ. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳ ಜೊತೆ ಕೂಡುತ್ತಾಳೆ. ಮೇಲಾಗಿ ಗೂಡಿನಲ್ಲಿ ರಾಣಿಯರು ಬದಲಾಗುತ್ತಲೇ ಇರುತ್ತಾರೆ. ಒಬ್ಬ ಕೆಲಸಗಾರ್ತಿ ತನ್ನ ತಂಗಿಯರನ್ನಷ್ಟೇ ಸಾಕುತ್ತಿಲ್ಲ. ಅಕ್ಕನ ಮಕ್ಕಳು, ಚಿಕ್ಕಮ್ಮನ ಮಕ್ಕಳ ಮಕ್ಕಳು ಎಲ್ಲ ಸೇರಿರುತ್ತಾರೆ. ನಂಟಿನ ಪಾಲು ಮುಕ್ಕಾಲಿಗಿಂತ ಎಷ್ಟೋ ಕೆಳಗೆ ಇಳಿಯಿತು. ಅವಳು ಬಂಜೆಯೂ ಅಲ್ಲ. ಗೂಡು ಬಿಟ್ಟು ಹೋಗಿ ತನ್ನದೇ ಸಂಸಾರ ಹೂಡಬಹುದು, ಕೆಲವರು ಹೋಗುತ್ತಾರೆ ಕೂಡ. ಮತ್ತೆ ಹೆಚ್ಚಿನವರು ಯಾಕೆ ಉಳಿಯುತ್ತಾರೆ?

ಉತ್ತರದ ಒಂದು ದೊಡ್ಡ ಭಾಗ ಸಾವಿನಲ್ಲಿದೆ. ಮೊಟ್ಟೆಯಿಂದ ಪ್ರಾಯದ ಕಣಜವಾಗಲು ವಾರಗಟ್ಟಲೆ ಬೇಕು, ಅಷ್ಟು ದಿನವೂ ಯಾರಾದರೂ ಕಾಯಬೇಕು, ಮರಿಹುಳವಾಗಿದ್ದಾಗ ಉಣಿಸಬೇಕು. ಒಂಟಿ ತಾಯಿ ನಡುವೆ ಸತ್ತರೆ ಅವಳು ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ಸೊನ್ನೆ, ಮರಿಗಳೂ ಸಾಯುತ್ತವೆ. ಗುಂಪಿನಲ್ಲಿ ಹಾಗಲ್ಲ. ಹತ್ತು ದಿನ ಸಾಕಿ ಸತ್ತವಳ ಕೆಲಸವನ್ನು ಇನ್ನೊಬ್ಬಳು ಅಲ್ಲಿಂದಲೇ ಮುಂದುವರಿಸುತ್ತಾಳೆ, ಆ ಹತ್ತು ದಿನದ ಫಲ ಉಳಿಯುತ್ತದೆ. 1990ರಲ್ಲಿ ಗದಗ್ಕರ್ ಈ ವಾದವನ್ನು ಲೆಕ್ಕದ ಸಮೇತ ಮುಂದಿಟ್ಟರು. ಇನ್ನೂ ಒಂದು ವಿಷಯ ಇದೆ. ಹುಟ್ಟಿದ ಹೆಣ್ಣುಗಳನ್ನು ಒಂಟಿಯಾಗಿಟ್ಟು ಬೇಕಾದಷ್ಟು ಊಟ ಕೊಟ್ಟರೂ ಸುಮಾರು ಅರ್ಧದಷ್ಟು ಮಾತ್ರ ಗೂಡು ಕಟ್ಟಿ ಮೊಟ್ಟೆ ಇಟ್ಟವು. ಎಲ್ಲರ ಶಕ್ತಿಯೂ ಒಂದೇ ಅಲ್ಲ. ಸ್ವಂತ ಸಂಸಾರ ಕೈಗೂಡದವಳಿಗೆ ನೆಂಟರ ಮಕ್ಕಳನ್ನು ಸಾಕುವುದರಲ್ಲಿ ಕಳೆದುಕೊಳ್ಳುವುದು ಕಡಿಮೆ. ಹ್ಯಾಮಿಲ್ಟನ್ನರ ಸೂತ್ರದಲ್ಲಿ ಎಲ್ಲರೂ ನಂಟಿನ ಪಾಲನ್ನೇ ನೋಡುತ್ತಿದ್ದರು. ಲಾಭ ಮತ್ತು ನಷ್ಟದ ಕಡೆಯೂ ಅಷ್ಟೇ ನೋಡಬೇಕು ಅಂತ ಬೆಂಗಳೂರಿನ ಕಣಜಗಳು ತೋರಿಸಿದವು.

ಇದೇ ಕಣಜದ ಬಗ್ಗೆ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಇವುಗಳ ರಾಣಿ ಬಹಳ ಸಾಧು, ಯಾರ ಮೇಲೂ ಜೋರು ಮಾಡುವುದಿಲ್ಲ. ಅವಳನ್ನು ತೆಗೆದುಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಒಬ್ಬ ಕೆಲಸಗಾರ್ತಿ ಸಿಟ್ಟಿಗೆದ್ದು ಎಲ್ಲರನ್ನೂ ಗದರಿಸಲು ಶುರುಮಾಡುತ್ತಾಳೆ, ಕೆಲವು ದಿನಗಳಲ್ಲಿ ಮೊಟ್ಟೆ ಇಟ್ಟು ರಾಣಿಯಾಗಿ ತಣ್ಣಗಾಗುತ್ತಾಳೆ. ಆ ಮುಂದಿನ ರಾಣಿ ಯಾರು ಅಂತ ಮೊದಲೇ ಹೇಳಲು ನಮಗೆ ಆಗುವುದಿಲ್ಲ. ಆದರೆ ಕಣಜಗಳಿಗೆ ಗೊತ್ತಿರುವಂತಿದೆ ಎಂದು ಅನಿಂದಿತಾ ಭದ್ರ ಮತ್ತು ಗದಗ್ಕರ್ 2008ರಲ್ಲಿ ತೋರಿಸಿದರು. ಗೂಡನ್ನು ಎರಡು ಮಾಡಿ ನಡುವೆ ತಂತಿಬಲೆ ಹಾಕಿ, ರಾಣಿಯನ್ನು ಆಚೆ ಈಚೆ ಬದಲಿಸಿ ಮಾಡಿದ ಪ್ರಯೋಗ ಅದು. ಸರಿಯಾದ ವಾರಸುದಾರಳು ಎದ್ದಾಗ ಮಿಕ್ಕವರು ಅವಳಿಗೆ ಎದುರು ನಿಲ್ಲುವುದಿಲ್ಲ. ಅಧಿಕಾರ ಕೈ ಬದಲಾಗುವಾಗ ರಕ್ತಪಾತ ಇಲ್ಲ. ಮನುಷ್ಯರ ಚರಿತ್ರೆ ಓದಿದವರಿಗೆ ಇದು ಸಣ್ಣ ವಿಷಯ ಅನ್ನಿಸಲಾರದು.

ನಂಟಿಲ್ಲದವರಿಗೆ ಸಹಾಯ ಯಾಕೆ ಅನ್ನುವುದಕ್ಕೆ ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1971ರಲ್ಲಿ ಒಂದು ಉತ್ತರ ಕೊಟ್ಟರು: ಇವತ್ತು ನಾನು, ನಾಳೆ ನೀನು. ನಮ್ಮ ಹಳ್ಳಿಗಳ ಮುಯ್ಯಾಳು ಗೊತ್ತಲ್ವಾ? ನಿಮ್ಮ ಹೊಲದ ಕಳೆಗೆ ನಾನು ಬರುತ್ತೇನೆ, ನನ್ನ ಗದ್ದೆಯ ನಾಟಿಗೆ ನೀವು ಬರುತ್ತೀರಿ. ಕೂಲಿ ಇಲ್ಲ, ಕಾಗದ ಪತ್ರ ಇಲ್ಲ. ಆದರೆ ಕರೆದಾಗ ಬಾರದವರು ಯಾರು ಅನ್ನುವುದು ಊರಿಗೇ ನೆನಪಿರುತ್ತದೆ. ರಕ್ತ ಹೀರುವ ಬಾವಲಿಗಳಲ್ಲೂ ಹೀಗೇ ಇದೆ ಅಂತ ಜೆರಾಲ್ಡ್ ವಿಲ್ಕಿನ್ಸನ್ ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ ನೋಡಿ 1984ರಲ್ಲಿ ಬರೆದರು. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಈ ಬಾವಲಿ ಸತ್ತೇ ಹೋಗುತ್ತದೆ. ಹಸಿದು ಬಂದ ಜೊತೆಗಾತಿಗೆ ಹೊಟ್ಟೆ ತುಂಬಿದ ಬಾವಲಿ ಕುಡಿದ ರಕ್ತವನ್ನೇ ಕಕ್ಕಿ ಕೊಡುತ್ತದೆ. ಮುಂದೆ ನಡೆದ ಪ್ರಯೋಗಗಳಲ್ಲಿ, ಯಾರಿಗೆ ಕೊಡುತ್ತದೆ ಅನ್ನುವುದನ್ನು ನಂಟಿಗಿಂತ ಜಾಸ್ತಿ ಹಿಂದೆ ಯಾರು ಕೊಟ್ಟಿದ್ದರು ಅನ್ನುವುದೇ ಹೇಳಿತು. ಟ್ರಿವರ್ಸ್ ಮಾತಿನಲ್ಲಿ ನನಗೆ ಹೆಚ್ಚು ಹಿಡಿಸುವುದು ಭಾವನೆಗಳ ಬಗ್ಗೆ ಅವರು ಹೇಳಿದ್ದು. ಉಪಕಾರ ಸ್ಮರಣೆ, ಮೋಸಕ್ಕೆ ಬರುವ ಸಿಟ್ಟು, ತಪ್ಪು ಮಾಡಿದಾಗ ಒಳಗೆ ಚುಚ್ಚುವುದು, ಇವೆಲ್ಲ ಈ ಕೊಡುಕೊಳೆಯನ್ನು ನಡೆಸಿಕೊಂಡು ಹೋಗಲು ಬೆಳೆದು ಬಂದ ಭಾವನೆಗಳು ಎಂದು ಅವರು ವಾದಿಸಿದರು.

ಆದರೂ ಕೆರೆಗೆ ಹಾರಿದವನು ಇನ್ನೂ ಹೊರಗೇ ಉಳಿದ. ಮುಳುಗುತ್ತಿರುವವನು ನೆಂಟನೂ ಅಲ್ಲ, ಮುಯ್ಯಿ ತೀರಿಸುವವನೂ ಅಲ್ಲ. ಇಲ್ಲಿಂದ ಮುಂದೆ ಮನುಷ್ಯನ ಕಥೆಯೇ ಬೇರೆ ದಾರಿ ಹಿಡಿಯುತ್ತದೆ. ಆ ದಾರಿ ತೋರಿಸಿದವರಲ್ಲಿ ಮುಖ್ಯರು ಅದೇ ಸಾರಾ ಹರ್ಡಿ, ಅಬುವಿನಲ್ಲಿ ಶಿಶುಹತ್ಯೆ ಕಂಡವರು.

ಚಿಂಪಾಂಜಿ ತಾಯಿ ಹಸುಗೂಸನ್ನು ತಿಂಗಳುಗಟ್ಟಲೆ ಯಾರ ಕೈಗೂ ಕೊಡುವುದಿಲ್ಲ. ಎರಡು ಹೆರಿಗೆಗಳ ನಡುವೆ ಐದಾರು ವರ್ಷ ಅಂತರ. ಮನುಷ್ಯರಲ್ಲಿ, ಬೇಟೆಯಾಡಿ ಗೆಡ್ಡೆಗೆಣಸು ಆಯ್ದು ಬದುಕುವ ಸಮಾಜಗಳಲ್ಲೂ, ಅಂತರ ಮೂರು ನಾಲ್ಕು ವರ್ಷ ಮಾತ್ರ. ಅಂದರೆ ಮೊದಲನೆಯದು ತನ್ನ ಕಾಲ ಮೇಲೆ ನಿಲ್ಲುವ ಮೊದಲೇ ಎರಡನೆಯದು ಬಂದಿರುತ್ತದೆ. ಒಂದು ಮಗು ತನ್ನ ಊಟ ತಾನೇ ದುಡಿದುಕೊಳ್ಳುವ ಹೊತ್ತಿಗೆ ಸುಮಾರು 1.3 ಕೋಟಿ ಕ್ಯಾಲೊರಿ ತಿಂದಿರುತ್ತದೆ ಎನ್ನುವ ಅಂದಾಜಿದೆ. ಯಾವ ತಾಯಿಯೂ ಒಬ್ಬಳೇ ಇಷ್ಟು ತರಲಾರಳು. ಅಜ್ಜಿ, ಅತ್ತೆ, ಅಕ್ಕ, ಅಪ್ಪ, ನೆರೆಯವರು ಸೇರಿಯೇ ಮನುಷ್ಯ ಮಗು ಬೆಳೆದದ್ದು. ತಾಂಜಾನಿಯಾದ ಹಾಡ್ಜಾ ಜನರಲ್ಲಿ ಹೆರುವ ವಯಸ್ಸು ದಾಟಿದ ಹೆಂಗಸರು ಗಟ್ಟಿ ನೆಲದಿಂದ ಗೆಡ್ಡೆ ಅಗೆದು ಮೊಮ್ಮಕ್ಕಳಿಗೆ ತರುವುದನ್ನು ಕ್ರಿಸ್ಟನ್ ಹಾಕ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ದಾಖಲಿಸಿದರು.

ಈಗ ಮಗುವಿನ ಕಡೆಯಿಂದ ನೋಡಿ. ಹತ್ತು ಕೈಗಳ ನಡುವೆ ಬೆಳೆಯುವ ಕೂಸಿಗೆ ಯಾರು ಅಕ್ಕರೆಯವರು, ಯಾರು ಒರಟರು, ಯಾರ ಮುಖ ಹೇಗಿದೆ ಅಂತ ಓದಲು ಬರಬೇಕು. ನಗಬೇಕು, ಒಲಿಸಿಕೊಳ್ಳಬೇಕು. ಇನ್ನೊಬ್ಬರ ಮನಸ್ಸನ್ನು ಊಹಿಸುವ ನಮ್ಮ ಶಕ್ತಿ ಹೀಗೆ ತೊಟ್ಟಿಲಿನಲ್ಲೇ ಹದಗೊಂಡಿತು ಅನ್ನುವುದು ಹರ್ಡಿಯವರ ವಾದ. ನನಗೆ ಇದು ಬೇರೆಲ್ಲ ವಿವರಣೆಗಳಿಗಿಂತ ಮನಸ್ಸಿಗೆ ಒಪ್ಪುತ್ತದೆ. ಬೇಟೆ, ಯುದ್ಧ ಅಂತ ಗಂಡಸರ ಸಾಹಸದಲ್ಲೇ ನೀತಿಯ ಬೇರು ಹುಡುಕುತ್ತಿದ್ದವರು ಮಗು ಎತ್ತಿಕೊಂಡವರ ಕಡೆ ನೋಡಿರಲೇ ಇಲ್ಲ.

ಪುರಾವೆ ಬೇಕು ಅಂದರೆ ಇರಾಕಿನ ಶಾನಿದಾರ್ ಗುಹೆಯಲ್ಲಿ 1957ರಲ್ಲಿ ಸಿಕ್ಕಿದ ನಿಯಾಂಡರ್ತಾಲ್ (ಈಗ ಅಳಿದುಹೋದ, ನಮ್ಮ ಹತ್ತಿರದ ಮಾನವ ಬಳಗ) ಮನುಷ್ಯನ ಅಸ್ಥಿಪಂಜರ ಇದೆ. ನಲವತ್ತರ ಆಸುಪಾಸಿನ ಗಂಡಸು. ಎಡಗಣ್ಣಿನ ಹತ್ತಿರ ಜಜ್ಜಿದ ಹಳೆಯ ಪೆಟ್ಟು, ಆ ಕಣ್ಣು ಕಾಣುತ್ತಿರಲಿಲ್ಲ ಅನ್ನಿಸುತ್ತದೆ. ಬಲಗೈ ಸೊರಗಿ ಮುಂಗೈ ಇಲ್ಲವಾಗಿತ್ತು. ಕಾಲು ಕುಂಟು. ಕಿವಿಯ ದಾರಿಯಲ್ಲಿ ಮೂಳೆ ಬೆಳೆದು ಕಿವುಡೂ ಇತ್ತು. ಗಾಯಗಳೆಲ್ಲ ಮಾಗಿವೆ, ಅಂದರೆ ಆ ಸ್ಥಿತಿಯಲ್ಲೇ ವರ್ಷಗಟ್ಟಲೆ ಬದುಕಿದ್ದ. ಯಾರೋ ಅವನಿಗೆ ತಿನ್ನಲು ಕೊಟ್ಟಿದ್ದಾರೆ, ಕಾವಲು ಕಾದಿದ್ದಾರೆ. ಇದು 45,000 ವರ್ಷಗಳಷ್ಟು ಅಥವಾ ಅದಕ್ಕೂ ಹಿಂದಿನ ಮಾತು.

ಅಕ್ಕರೆ ಒಂದೇ ಸಾಕಾಗುವುದಿಲ್ಲ. ಎಲ್ಲ ಗುಂಪಿನಲ್ಲೂ ದಬಾಯಿಸುವವನು, ಬಾಚಿಕೊಳ್ಳುವವನು ಇರುತ್ತಾನೆ. ರಿಚರ್ಡ್ ಲೀ ಎಂಬ ಮಾನವಶಾಸ್ತ್ರಜ್ಞ 1960ರ ದಶಕದಲ್ಲಿ ಆಫ್ರಿಕಾದ ಕಲಹಾರಿ ಮರುಭೂಮಿಯ ಕುಂಗ್ ಜನರ ಜೊತೆ ಇದ್ದರು. ಕ್ರಿಸ್‌ಮಸ್‌ಗೆ ಅಂತ ಸುತ್ತಮುತ್ತ ಸಿಕ್ಕಿದ ಅತಿ ದೊಡ್ಡ, ಕೊಬ್ಬಿದ ಎತ್ತನ್ನು ಎಲ್ಲರಿಗಾಗಿ ಕೊಂಡು ತಂದರು. ಖುಷಿ ಪಡುತ್ತಾರೆ ಅಂದುಕೊಂಡರೆ, ಬಂದವರೆಲ್ಲ ಮೂತಿ ತಿರುಗಿಸಿದರು. ಬರೀ ಮೂಳೆ, ಇದನ್ನು ತಿಂದು ನಾವು ಹಸಿದೇ ಮಲಗಬೇಕು ಅಂದರು. ಲೀ ಕಂಗಾಲು. ಕೊಯ್ದಾಗ ನೋಡಿದರೆ ದಪ್ಪ ಕೊಬ್ಬು, ಎಲ್ಲರೂ ಹೊಟ್ಟೆತುಂಬ ತಿಂದರು, ನಗುತ್ತಲೇ ಬೈದರು. ಆಮೇಲೆ ಒಬ್ಬ ವಿವರಿಸಿದ. ದೊಡ್ಡ ಬೇಟೆ ತಂದ ಹುಡುಗ ತಾನೇ ನಾಯಕ, ಉಳಿದವರೆಲ್ಲ ತನ್ನ ಆಳುಗಳು ಅಂದುಕೊಳ್ಳುತ್ತಾನೆ. ಅಂಥ ಜಂಬ ಒಂದು ದಿನ ಯಾರನ್ನಾದರೂ ಕೊಲ್ಲಿಸುತ್ತದೆ. ಅದಕ್ಕೇ ಅವನ ಮಾಂಸವನ್ನು ಹೀಗಳೆಯುತ್ತೇವೆ, ಅವನ ಎದೆಯನ್ನು ತಂಪು ಮಾಡುತ್ತೇವೆ.

ಇನ್ನೊಬ್ಬ ಮಾನವಶಾಸ್ತ್ರಜ್ಞ ಕ್ರಿಸ್ಟಫರ್ ಬೋಮ್ ಇಂಥ ಹಲವು ಸಮಾಜಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದರು. ಮೊದಲು ಬೆನ್ನ ಹಿಂದಿನ ಮಾತು, ಆಮೇಲೆ ಗೇಲಿ, ಆಮೇಲೆ ಮಾತು ಬಿಡುವುದು, ಗುಂಪಿನಿಂದ ಹೊರಗೆ ಹಾಕುವುದು. ಅದಕ್ಕೂ ಬಗ್ಗದಿದ್ದರೆ ಕೊಲ್ಲುವುದೂ ಉಂಟು. ಸಾವಿರಾರು ತಲೆಮಾರು ಹೀಗೆ ನಡೆದರೆ, ತನ್ನನ್ನು ತಾನೇ ಹಿಡಿದುಕೊಳ್ಳಬಲ್ಲವನು, 'ನಾಲ್ಕು ಜನ ಏನಂದಾರು' ಅಂತ ಮೊದಲೇ ಅಳುಕುವವನು ಬದುಕಿ ಉಳಿಯುತ್ತಾನೆ. ನಾಚಿಕೆ, ಆತ್ಮಸಾಕ್ಷಿ ಅನ್ನುವುದರ ಹುಟ್ಟು ಇಲ್ಲಿದೆ ಅನ್ನುತ್ತಾರೆ ಬೋಮ್. ಇದು ಒಂದು ವಾದವೇ ಹೊರತು ಕೊನೆಯ ಮಾತಲ್ಲ. ಗುಂಪು ಗುಂಪುಗಳ ನಡುವಿನ ಆಯ್ಕೆ, ಅಂದರೆ ಒಗ್ಗಟ್ಟಿನ ಗುಂಪು ಉಳಿದು ಮಿಕ್ಕವು ಅಳಿಯುವುದು, ಎಷ್ಟು ಮುಖ್ಯ ಅನ್ನುವುದರ ಬಗ್ಗೆ ವಿಜ್ಞಾನಿಗಳು ಇವತ್ತಿಗೂ ಜೋರಾಗಿಯೇ ಜಗಳವಾಡುತ್ತಾರೆ.

ಮಕ್ಕಳಲ್ಲಿ ಈ ಗುಣ ಕಲಿಸುವ ಮೊದಲೇ ಇದೆಯೇ ಅಂತ ನೀವು ಕೇಳಬಹುದು. 2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ ಒಂದೂವರೆ ವರ್ಷದ ಮಕ್ಕಳ ಎದುರು ಅಪರಿಚಿತರೊಬ್ಬರಿಂದ ಬಟ್ಟೆ ಒಣಹಾಕಿಸಿದರು. ಕ್ಲಿಪ್ ಕೆಳಗೆ ಬಿತ್ತು, ಕೈಗೆ ಎಟುಕುತ್ತಿಲ್ಲ. ಹೆಚ್ಚಿನ ಮಕ್ಕಳು ಪುಟ್ಟ ಹೆಜ್ಜೆ ಇಡುತ್ತಾ ಹೋಗಿ ಎತ್ತಿಕೊಟ್ಟವು. ಚಾಕಲೇಟ್ ಇಲ್ಲ, ಶಹಬ್ಬಾಸ್ ಇಲ್ಲ. ಬೇಕೆಂದೇ ಬಿಸಾಡಿದ ಕ್ಲಿಪ್ಪನ್ನು ಅಷ್ಟಾಗಿ ಎತ್ತಿಕೊಡಲಿಲ್ಲ. ಚಿಂಪಾಂಜಿ ಮರಿಗಳೂ ಇಂಥ ಕೆಲವು ಸರಳ ಸಂದರ್ಭಗಳಲ್ಲಿ ನೆರವಾದವು. ಆರು ತಿಂಗಳ ಕೂಸೂ ಅಡ್ಡಿ ಮಾಡಿದ ಬೊಂಬೆಯನ್ನು ಬಿಟ್ಟು ನೆರವಾದ ಬೊಂಬೆಯನ್ನೇ ಆರಿಸುತ್ತದೆ ಅನ್ನುವ 2007ರ ಪ್ರಯೋಗವನ್ನೂ ಎಲ್ಲೆಡೆ ಹಂಚಿಕೊಳ್ಳುತ್ತಾರೆ. ಅದರ ಬಗ್ಗೆ ಮಾತ್ರ ಹುಷಾರು: ಇತ್ತೀಚೆಗೆ ಹಲವು ದೇಶಗಳ ಪ್ರಯೋಗಾಲಯಗಳು ಒಟ್ಟಾಗಿ ಮತ್ತೆ ಮಾಡಿದಾಗ ಆ ಒಲವು ಕಾಣಿಸಲಿಲ್ಲ.

ಬೀಜ ಒಂದೇ ಆದರೂ ಬೆಳೆ ಊರಿಂದೂರಿಗೆ ಬೇರೆ. ಹಣ ಹಂಚುವ ಒಂದು ಆಟವನ್ನು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 15 ಸಣ್ಣ ಸಮಾಜಗಳಲ್ಲಿ ಆಡಿಸಿದರು. ಪೆರುವಿನ ಮಾಚಿಗೆಂಗಾ ಜನ ಎದುರಿನವರಿಗೆ ಸರಾಸರಿ ನೂರಕ್ಕೆ 26 ಕೊಟ್ಟರು. ದೋಣಿಯಲ್ಲಿ ಒಟ್ಟಾಗಿ ಹೋಗಿ ತಿಮಿಂಗಿಲ ಹಿಡಿಯುವ ಇಂಡೊನೇಷ್ಯಾದ ಲಮಲೆರಾ ಜನ ಅರ್ಧಕ್ಕಿಂತ ಜಾಸ್ತಿ ಕೊಟ್ಟರು. ನೀವು ಮಗಳಿಗೆ ಕಲಿಸಿದ್ದು ಸುಮ್ನೆ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ನಿಮ್ಮ ಮನಸ್ಸಿಗೆ ನೋವು ಮಾಡಿದ ಪ್ರಶ್ನೆಗೆ ಬರುತ್ತೇನೆ: ಒಳ್ಳೆಯತನ ಬರೀ ತೋರಿಕೆಯೇ? ಹಾಲ್ಡೇನ್ ಮಾತು ನೆನಪಿದೆಯಲ್ಲ, ಲೆಕ್ಕ ಹಾಕಲು ಪುರುಸೊತ್ತಿರಲಿಲ್ಲ ಅಂತ. ಅಮೆರಿಕದಲ್ಲಿ 1904ರಿಂದ ಒಂದು ಕಾರ್ನೆಗಿ ನಿಧಿ ಇದೆ, ಬೇರೆಯವರ ಜೀವ ಉಳಿಸಲು ತಮ್ಮ ಜೀವ ಪಣಕ್ಕಿಟ್ಟ ಸಾಮಾನ್ಯ ಜನರಿಗೆ ಪದಕ ಕೊಡುತ್ತದೆ. ಪದಕ ಪಡೆದವರು ಆ ಗಳಿಗೆಯ ಬಗ್ಗೆ ಹೇಳಿದ ಮಾತುಗಳನ್ನು ಡೇವಿಡ್ ರ‍್ಯಾಂಡ್ ಮತ್ತು ಝಿವ್ ಎಪ್ಸ್ಟೀನ್ 2014ರಲ್ಲಿ ಪರಿಶೀಲಿಸಿದರು. ಯೋಚಿಸಿ ನಿರ್ಧರಿಸಿದವರು ತೀರ ಕಡಿಮೆ. ಹೆಚ್ಚಿನವರು ಮೊದಲು ಹಾರಿದ್ದಾರೆ, ಯೋಚನೆ ಬಂದದ್ದು ಆಮೇಲೆ.

ಲೆಕ್ಕ ನಡೆದದ್ದು ಲಕ್ಷಾಂತರ ವರ್ಷಗಳಲ್ಲಿ, ಯಾರ ತಲೆಯೊಳಗೂ ಅಲ್ಲ. ಹಾರಿದವನಲ್ಲಿ ಇರುವುದು ಆ ಲೆಕ್ಕದಿಂದ ಉಳಿದು ಬಂದ ಮನಸ್ಸು. ಆ ಮನಸ್ಸಿಗೆ ಬೇಕಾದದ್ದು ನೀರಿನಲ್ಲಿರುವವನು ಬದುಕುವುದು, ಬೇರೇನೂ ಅಲ್ಲ. ಜೀನ್ 'ಸ್ವಾರ್ಥಿ' ಅನ್ನುವುದು ಅದರ ಪ್ರತಿಗಳು ಹೆಚ್ಚುವ ರೀತಿಯನ್ನು ಹೇಳುವ ಮಾತು. ಜೀನ್‌ಗೆ ಆಸೆ ಇಲ್ಲ, ಉದ್ದೇಶ ಇಲ್ಲ. ನೀವು ಮಗಳನ್ನು ಪ್ರೀತಿಸುವುದಕ್ಕೂ ವಿಕಾಸದ ಕಾರಣ ಇದೆ; ಮಕ್ಕಳನ್ನು ಪ್ರೀತಿಸದ ತಾಯಂದಿರ ಜೀನ್‌ಗಳು ಉಳಿಯುವುದು ಕಷ್ಟವಿತ್ತು. ಅದು ಗೊತ್ತಾದ ಮಾತ್ರಕ್ಕೆ ನಿಮ್ಮ ಪ್ರೀತಿ ನಟನೆ ಅಂತ ಯಾರಾದರೂ ಅಂದಾರೇ? ತಾಯಿಯ ಪ್ರೀತಿಗೆ ಒಪ್ಪುವ ಮಾತು ಪರೋಪಕಾರಕ್ಕೂ ಒಪ್ಪಬೇಕು.

ಜೀನ್‌ಗಳ ಲೆಕ್ಕ, ಮನಸ್ಸಿನ ಉದ್ದೇಶ, ಈ ಎರಡನ್ನು ಬೇರೆ ಮಾಡಲಾಗದೆ ನೊಂದವರ ಕಥೆಯಾಗಿ ಜಾರ್ಜ್ ಪ್ರೈಸ್ ಅವರದನ್ನು ಹೇಳುವುದುಂಟು. ಅಮೆರಿಕದಿಂದ ಲಂಡನ್ನಿಗೆ ಬಂದ ಈತ ಹ್ಯಾಮಿಲ್ಟನ್ನರ ಲೆಕ್ಕವನ್ನು ಇನ್ನೂ ವಿಶಾಲವಾಗಿ ಬರೆದು 1970ರಲ್ಲಿ ಪ್ರಕಟಿಸಿದರು. ಆಮೇಲೆ ತಮ್ಮಲ್ಲಿದ್ದುದನ್ನೆಲ್ಲ ಬೀದಿಯಲ್ಲಿದ್ದವರಿಗೆ ಕೊಟ್ಟುಬಿಟ್ಟು, ಖಿನ್ನತೆಯಲ್ಲಿ, 1975ರ ಜನವರಿಯಲ್ಲಿ ತೀರಿಕೊಂಡರು. ಅವರ ಸಾವನ್ನು ಸಮೀಕರಣದ ತಲೆಗೆ ಕಟ್ಟುವುದು ನನಗೆ ಒಪ್ಪಿಗೆ ಇಲ್ಲ. ಅವರಿಗೆ ಕಾಯಿಲೆ ಇತ್ತು. ಅವರು ಕೊಟ್ಟದ್ದಂತೂ ನಿಜವಾಗಿಯೂ ಕೊಟ್ಟದ್ದೇ.

ಧರ್ಮದಿಂದಲೋ ಕೋತಿಯಿಂದಲೋ ಅಂದಿರಿ. ಕೋತಿ ನಮ್ಮ ಅಜ್ಜ ಅಲ್ಲ, ಹಳೆಯ ದಾಯಾದಿ. ಚಿಂಪಾಂಜಿಗೂ ನಮಗೂ ಒಂದೇ ಪೂರ್ವಜ ಇದ್ದದ್ದು ಅರವತ್ತು ಎಪ್ಪತ್ತು ಲಕ್ಷ ವರ್ಷಗಳ ಹಿಂದೆ. ನಮ್ಮ ಪ್ರಭೇದಕ್ಕೇ ಸುಮಾರು ಮೂರು ಲಕ್ಷ ವರ್ಷ, ಬರೆದಿಟ್ಟ ಧರ್ಮಗ್ರಂಥಗಳಿಗೆ ಕೆಲವೇ ಸಾವಿರ ವರ್ಷ. ಹಾಗಾಗಿ ಕರುಣೆ, ನಾಚಿಕೆ, ನ್ಯಾಯದ ಹಸಿವು ಧರ್ಮಗ್ರಂಥಗಳಿಗಿಂತ ಹಳೆಯವು. ಧರ್ಮಗಳು ಅವಕ್ಕೆ ಕಥೆ, ಕಟ್ಟಳೆ, ವ್ರತ, ಸಮುದಾಯ ಕೊಟ್ಟವು. ಆ ಕೆಲಸ ಸಣ್ಣದಲ್ಲ.

ಆದರೆ ಈ ಹಳೆಯ ಮನಸ್ಸಿನಲ್ಲಿ ಒಂದು ಕೆಟ್ಟ ಗೆರೆಯೂ ಇದೆ. ನಮ್ಮವರಿಗೆ ಪ್ರಾಣ ಕೊಡುವ ಗುಣ ಮತ್ತು ಹೊರಗಿನವರನ್ನು ದ್ವೇಷಿಸುವ ಗುಣ ಜೊತೆಜೊತೆಯಾಗಿ ಬೆಳೆದಿರಬಹುದು ಅಂತ ಜಂಗ್-ಕ್ಯೂ ಚೊಯ್ ಮತ್ತು ಸ್ಯಾಮುಯೆಲ್ ಬೌಲ್ಸ್ 2007ರಲ್ಲಿ ಗಣಿತದ ಮಾದರಿಯಿಂದ ತೋರಿಸಿದರು. ನಮಗೆ ಅದಕ್ಕೆ ಮಾದರಿ ಬೇಕಿಲ್ಲ. ಮುಯ್ಯಾಳಿಗೆ ಓಡಿಬರುತ್ತಿದ್ದ ಎಷ್ಟೋ ಊರುಗಳಲ್ಲಿ ಕೆಲವರಿಗೆ ಬಾವಿಯ ನೀರು ಮುಟ್ಟಲು ಬಿಡುತ್ತಿರಲಿಲ್ಲ. ಇದು ಹುಟ್ಟಿನಿಂದ ಬಂದದ್ದು, ಹಾಗಾಗಿ ಸರಿ, ಅಂತ ಯಾರಾದರೂ ವಿಕಾಸದ ಹೆಸರು ಹೇಳಿದರೆ ಒಪ್ಪಬೇಡಿ. ಮುಸುವ ಮರಿ ಕೊಲ್ಲುವುದೂ ನಿಸರ್ಗವೇ. ಏನಿದೆ ಅನ್ನುವುದರಿಂದ ಏನಿರಬೇಕು ಅನ್ನುವುದನ್ನು ನೇರವಾಗಿ ಇಳಿಸಲು ಬರುವುದಿಲ್ಲ ಅಂತ ತತ್ವಜ್ಞಾನಿ ಡೇವಿಡ್ ಹ್ಯೂಮ್ ಡಾರ್ವಿನ್ನರಿಗಿಂತ ನೂರು ವರ್ಷಕ್ಕೂ ಮೊದಲೇ ಎಚ್ಚರಿಸಿದ್ದರು. ಡಾರ್ವಿನ್ನರ ಪರವಾಗಿ ಜೀವಮಾನವಿಡೀ ವಾದಿಸಿದ ಥಾಮಸ್ ಹಕ್ಸ್‌ಲಿ ಕೂಡ 1893ರಲ್ಲಿ ಅದನ್ನೇ ಹೇಳಿದರು: ಸಮಾಜದ ನೀತಿ ಮುಂದೆ ಹೋಗುವುದು ನಿಸರ್ಗದ ಆ ಹಾದಿಯನ್ನು ಅನುಕರಿಸುವುದರಿಂದ ಅಲ್ಲ, ಅದಕ್ಕೆ ಎದುರು ನಿಲ್ಲುವುದರಿಂದ. 'ನಮ್ಮವರು' ಅನ್ನುವ ಗೆರೆಯನ್ನು ಎಲ್ಲಿ ಎಳೆಯಬೇಕು ಅನ್ನುವುದು ಜೀನ್‌ಗಳು ತೀರ್ಮಾನಿಸಿಬಿಟ್ಟ ವಿಷಯ ಅಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಕಾನೂನಿನಲ್ಲಿ ನಾವು ದಿನಾ ಎಳೆಯುವುದು. ನೀವು ಮಗಳಿಗೆ ಕಲಿಸಿದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ.

ಕೊನೆಗೆ ಒಂದು ಸಲಹೆ. ಮಗಳಿಗೆ ಕಣ್ಣಾರೆ ನೋಡುವ ಆಸೆ ಇದ್ದರೆ ಕಾಲೇಜಿನ ಅಥವಾ ಮನೆಯ ಸಜ್ಜದ ಕೆಳಗೆ ತೆರೆದ ಕಾಗದದ ಗೂಡು ಹುಡುಕಲಿ. ನಮ್ಮ ಕಡೆ ವರ್ಷವಿಡೀ ಸಿಗುತ್ತದೆ. ಕುಟುಕುತ್ತವೆ, ಹಾಗಾಗಿ ನಾಲ್ಕೈದು ಅಡಿ ದೂರ ಇರಲಿ, ಊದುವುದು ಬೆದರಿಸುವುದು ಬೇಡ, ಮನೆಯವರು ಬೆಂಕಿ ಹಿಡಿಯುವ ಮೊದಲು ಸ್ವಲ್ಪ ದಿನ ಬಿಡಲಿ. ಬೈನಾಕ್ಯುಲರ್ ಸಿಕ್ಕರೆ ಇನ್ನೂ ಒಳ್ಳೆಯದು. ಯಾರು ಹೊರಗೆ ಹೋಗಿ ಬಂದರು, ಯಾರು ತಂದದ್ದನ್ನು ಕಿತ್ತುಕೊಂಡರು, ಯಾರು ಕೋಶಕ್ಕೆ ತಲೆ ಹಾಕಿದರು ಅಂತ ಅರ್ಧ ಗಂಟೆ ಬರೆದುಕೊಳ್ಳಲಿ. ತಲೆಯ ಬದಲು ಹೊಟ್ಟೆಯ ತುದಿಯನ್ನು ಖಾಲಿ ಕೋಶದೊಳಗೆ ಇಳಿಸಿ ಕೂತವಳು ಕಂಡರೆ, ಅವಳೇ ರಾಣಿ.